ಹದಿನೈದನೇ ದಿನ ಆಪ್ ತೆರೆಯುವವರು ಯಾರು?



ನಮ್ಮ ಸಂಘದ ಪಿಕ್ನಿಕ್‌ನಲ್ಲಿ ಕಲ್ಲೆಸೆದರೆ ಸಾಫ್ಟ್‌ವೇರ್ ಎಂಜಿನಿಯರ್‌ಗೇ ತಾಗುತ್ತದೆ ಎಂಬ ಧೈರ್ಯದಿಂದ ಈ ಪುಟ್ಟ ಪಾಠ ಬರೆಯುತ್ತಿದ್ದೇನೆ. ಮಕ್ಕಳನ್ನು ಕಾಲೇಜಿಗೆ ಕಳಿಸಿರುವ ಅಪ್ಪ-ಅಮ್ಮಂದಿರೂ ಓದಬಹುದು, ಕೋಡ್ ಒಂದು ಸಾಲೂ ಇಲ್ಲ!

ಇಲ್ಲಿ ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳ ಮಾನಸಿಕ ನೆಮ್ಮದಿಗೆಂದು ಆಪ್ ಕೊಡುತ್ತವೆ. ಇಂಥ ಆಪ್‌ಗಳನ್ನು ಇಳಿಸಿಕೊಳ್ಳುವವರು ಬಹಳ, ಉಳಿಸಿಕೊಳ್ಳುವವರು ವಿರಳ. 2019ರಲ್ಲಿ ಅಮಿತ್ ಬೌಮೆಲ್ ಮತ್ತು ಸಂಗಡಿಗರು ಮಾನಸಿಕ ಆರೋಗ್ಯದ 93 ಆಂಡ್ರಾಯ್ಡ್ ಆಪ್‌ಗಳ ಬಳಕೆಯ ಲೆಕ್ಕ ಪ್ರಕಟಿಸಿದರು. 15ನೇ ದಿನ ಆಪ್ ತೆರೆದವರ ಮಧ್ಯಾಂಕ ಶೇ. 3.9, 30ನೇ ದಿನ ಶೇ. 3.3. ನೂರು ಜನರಲ್ಲಿ ನಾಲ್ಕು ಮಂದಿ ಅಂತಿಟ್ಟುಕೊಳ್ಳಿ.

ಈ ಅಂಕಿ ನೋಡಿದ ಕೂಡಲೇ ಮೀಟಿಂಗ್‌ನಲ್ಲಿ ಯಾರಾದರೊಬ್ಬರು "ಸ್ಟ್ರೀಕ್ ಹಾಕೋಣ" ಅಂದೇ ಅನ್ನುತ್ತಾರೆ. ಡ್ಯುಯೊಲಿಂಗೋದಲ್ಲಿ ಸ್ಪ್ಯಾನಿಷ್ ಕಲಿಯುವವನಿಗೆ ಅದು ಸರಿ. ಆದರೆ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದೇ ಖಿನ್ನತೆಯ ಮುಖ್ಯ ಲಕ್ಷಣ. ಮೂರು ದಿನ ಹಾಸಿಗೆ ಬಿಟ್ಟೇಳಲಾಗದ ಹುಡುಗಿ ನಾಲ್ಕನೇ ದಿನ ಆಪ್ ತೆರೆದರೆ "ನಿಮ್ಮ 12 ದಿನಗಳ ಸ್ಟ್ರೀಕ್ ಹೋಯಿತು" ಎಂದು ತೋರಿಸುವುದೇ? ಗಾಯಕ್ಕೆ ಉಪ್ಪು ಸವರಿದ ಹಾಗೆ. ನಾನು ಡಿಸೈನ್ ಮಾಡುವುದಾದರೆ ಮೊದಲು ಕಿತ್ತುಹಾಕುವುದು ಇದನ್ನೇ.

ಎರಡನೆಯದು ಪ್ರಶ್ನೆಪತ್ರಿಕೆ. 2001ರಲ್ಲಿ ಪ್ರಕಟವಾದ ಪಿ.ಎಚ್.ಕ್ಯೂ-9 ಎಂಬುದು ವೈದ್ಯರೂ ಬಳಸುವ ಒಳ್ಳೆಯ ಮಾಪಕ. ಒಂಬತ್ತು ಪ್ರಶ್ನೆ, ತಲಾ 0ರಿಂದ 3 ಅಂಕ, ಒಟ್ಟು 27. ಅದು ಕೇಳುವುದು ಕಳೆದ ಎರಡು ವಾರಗಳ ಬಗ್ಗೆ, ಆದ್ದರಿಂದ ದಿನಾ ಕೇಳುವುದರಲ್ಲಿ ಅರ್ಥವಿಲ್ಲ. ಬಾಗಿಲಲ್ಲೇ ಒಂಬತ್ತೂ ಕೇಳುವ ಬದಲು ಮೊದಲೆರಡೇ ಪ್ರಶ್ನೆಗಳ ಪಿ.ಎಚ್.ಕ್ಯೂ-2 ಸಾಕು. ಅದರಲ್ಲಿ 6ಕ್ಕೆ 3 ಅಥವಾ ಹೆಚ್ಚು ಬಂದರೆ ಉಳಿದವನ್ನು ಕೇಳಿ.

ಆದರೆ ಇಲ್ಲೊಂದು ಎಚ್ಚರ. ಬದುಕಿರುವುದಕ್ಕಿಂತ ಸಾಯುವುದೇ ಮೇಲು ಎಂಬ ಯೋಚನೆ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ, ಇವುಗಳ ಬಗ್ಗೆ ಕೇಳುವುದು ಒಂಬತ್ತನೇ ಪ್ರಶ್ನೆ. ಎರಡಕ್ಕೇ ನಿಲ್ಲಿಸಿದರೆ ಅದು ತಪ್ಪಿಹೋಗುತ್ತದೆ! ಹಾಗಾಗಿ ಸಹಾಯದ ಬಟನ್ ಪ್ರತಿಯೊಂದು ಪರದೆಯಲ್ಲೂ ಇರಬೇಕು, ಲಾಗಿನ್‌ಗೂ ಮೊದಲು. ಒಂದೇ ಒತ್ತಿಗೆ 988 (2022ರ ಜುಲೈನಿಂದ ಅಮೆರಿಕದಾದ್ಯಂತ ಇರುವ ಸಂಖ್ಯೆ) ಸಿಗಬೇಕು. ಒಂಬತ್ತನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೇನು ಉತ್ತರ ಬಂದರೂ, ಒಟ್ಟು ಅಂಕ ಎಷ್ಟೇ ಇರಲಿ, "ಧನ್ಯವಾದ" ಹೇಳಿ ಮುಗಿಸಬಾರದು.

ಅಂದಹಾಗೆ, ನೋಟಿಫಿಕೇಶನ್! "ಇವತ್ತು ಖಿನ್ನತೆ ಹೇಗಿದೆ?" ಅಂತ ಲಾಕ್ ಸ್ಕ್ರೀನ್ ಮೇಲೆ ಬಂದರೆ ರೂಮ್‌ಮೇಟ್ ಓದುವುದಿಲ್ಲವೇ? ಆ ಆಪ್ ಅವತ್ತೇ ಡಿಲೀಟ್.

ವೋಬಾಟ್ ಎಂಬ ಚಾಟ್‌ಬಾಟ್‌ನ 2017ರ ಅಧ್ಯಯನದಲ್ಲಿ 18ರಿಂದ 28 ವಯಸ್ಸಿನ 70 ಮಂದಿ ಇದ್ದರು. ಚಾಟ್‌ಬಾಟ್ ಪಾಲಿಗೆ ಬಂದವರು ಎರಡು ವಾರಗಳಲ್ಲಿ ಸರಾಸರಿ ಹನ್ನೆರಡು ಬಾರಿ ಅದರೊಡನೆ ಮಾತಾಡಿದರು, ಖಿನ್ನತೆಯ ಅಂಕವೂ ಇಳಿಯಿತು. ಅಧ್ಯಯನಕ್ಕೆಂದು ಒಪ್ಪಿ ಬಂದವರು ಬಳಸುವುದೇ ಬೇರೆ, ಪರೀಕ್ಷೆಯ ಹಿಂದಿನ ರಾತ್ರಿ ಒಬ್ಬಂಟಿಯಾಗಿ ಬಳಸುವುದೇ ಬೇರೆ. ಆ ಆಪ್ 2025ರ ಜೂನ್‌ನಲ್ಲಿ ಮುಚ್ಚಿತು.

ಹಾಗಾದರೆ ಏನನ್ನು ಅಳೆಯಬೇಕು? ಸೆಮಿಸ್ಟರ್‌ನಲ್ಲಿ ನಾಲ್ಕೇ ಬಾರಿ ಆಪ್ ತೆರೆದು, ನಾಲ್ಕನೇ ಬಾರಿಗೆ ಕೌನ್ಸೆಲರ್ ಭೇಟಿ ಗೊತ್ತುಮಾಡಿಕೊಂಡ ಹುಡುಗ ನಮ್ಮ ದೈನಂದಿನ ಬಳಕೆದಾರರ ಗ್ರಾಫ್‌ನಲ್ಲಿ ಬಿಟ್ಟುಹೋದವನು. ನನ್ನ ಲೆಕ್ಕದಲ್ಲಿ ಆಪ್ ಗೆದ್ದದ್ದು ಅಲ್ಲೇ. ಆಪ್ ತೆರೆದವರಲ್ಲಿ ಎಷ್ಟು ಜನ ಇನ್ನೊಬ್ಬ ಮನುಷ್ಯನನ್ನು ತಲುಪಿದರು, ಎಷ್ಟು ಒತ್ತಿನಲ್ಲಿ ತಲುಪಿದರು? ವಾರಗಟ್ಟಲೆ ಬಿಟ್ಟು ಮರಳಿದವರೆಷ್ಟು? ಇವನ್ನು ಎಣಿಸಿ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಟೆಲಿ-ಮಾನಸ್ ಈ ಕ್ರಮದಲ್ಲೇ ನಡೆದಿದೆ. 2022ರ ಅಕ್ಟೋಬರ್‌ನಲ್ಲಿ ಮೊದಲು ಬಂದದ್ದು 14416 ಎಂಬ ಫೋನ್ ಸಂಖ್ಯೆ, ಕನ್ನಡದಲ್ಲೂ ಮಾತಾಡಬಹುದು. ಆಪ್ ಬಂದದ್ದು ಎರಡು ವರ್ಷಗಳ ನಂತರ.