ದಪ್ಪ ತೊಲೆ ಸೀಳಲು ಯಾವ ಸರ್ಕ್ಯುಲರ್ ಸಾ?

ತೋಟದ ಹಲಸು, ಸಿಲ್ವರ್ ಓಕ್ ತೊಲೆ ಸೀಳೋಕೆ ಮಷೀನು ಕೊಳ್ಳುವವರು ಮೊದಲು ವ್ಯಾಟ್ ಕೇಳ್ತಾರೆ. ನಾನು ಕೇಳೋದು ಬ್ಲೇಡ್ ಎಷ್ಟು ಆಳ ಇಳಿಯುತ್ತೆ ಅಂತ. 185 ಮಿ.ಮೀ. ಬ್ಲೇಡ್ ಇಳಿಯೋದು ಸುಮಾರು 65 ಮಿ.ಮೀ. ಅಷ್ಟೇ, 235ರದ್ದು ಸುಮಾರು 85. ಮೂರಿಂಚಿನ ತೊಲೆಯನ್ನು ಒಂದೇ ಸಲಕ್ಕೆ ಸೀಳಲು ದೊಡ್ಡದೇ ಬೇಕು.

ಉದ್ದಕ್ಕೆ ಸೀಳಲು 18ರಿಂದ 24 ಹಲ್ಲಿನ ಕಾರ್ಬೈಡ್ ಬ್ಲೇಡ್ ಹಾಕಿ. ನುಣುಪು ಬರುತ್ತೆ ಅಂತ 60 ಹಲ್ಲಿನದು ಹಾಕಿದರೆ ಪುಡಿ ಹೊರಬರದೆ ಮರ ಸುಡುತ್ತೆ, ಮೋಟರೂ ಬಿಸಿಯಾಗುತ್ತೆ.

ಹಸಿ ಮರದಲ್ಲಿ ಸೀಳಿದ ಸಂದು ಮುಚ್ಚಿಕೊಂಡು ಬ್ಲೇಡ್ ಹಿಡಿಯುತ್ತೆ. ಮಷೀನು ನಿಮ್ಮ ಕಡೆಗೇ ಹಾರುತ್ತೆ. ತೊಡೆಗೆ ಏಟು ಬೀಳೋದು ಹೀಗೇ. ಸ್ವಲ್ಪ ಸೀಳಿದ ಮೇಲೆ ಸ್ವಿಚ್ ಆರಿಸಿ, ಬ್ಲೇಡ್ ಪೂರ್ತಿ ನಿಂತ ನಂತರ ಹಿಂದಿನ ಸಂದಿಗೆ ಬೆಣೆ ಕೊಡಿ. ಬ್ಲೇಡಿನ ನೇರಕ್ಕೆ ನಿಲ್ಲಬೇಡಿ. ಕೆಳಗಿನ ಗಾರ್ಡ್ ತಾನಾಗಿ ಮುಚ್ಚದ ಮಷೀನು ಅಗ್ಗಕ್ಕೆ ಸಿಕ್ಕರೂ ಬೇಡ.