ಸ್ಫೋಟದ ಧೂಳು

ರೋಣ, ನರಗುಂದ ಪ್ರದೇಶವು ಎರೆಭೂಮಿಗೆ ಹೆಸರಾದುದು. ಬೇಸಗೆಯಲ್ಲಿ ಈ ನೆಲ ಬಾಯಿಬಿಡುತ್ತದೆ. ಗಾಳಿ ಎದ್ದರೆ ಗಜೇಂದ್ರಗಡದ ಗುಡ್ಡದವರೆಗೂ ಧೂಳು ಕವಿಯುತ್ತದೆ. ಈ ಧೂಳಿನಲ್ಲಿರುವ ಸಿಲಿಕಾನ್, ಆಮ್ಲಜನಕ, ಕಬ್ಬಿಣಗಳು ಭೂಮಿಯಲ್ಲಿ ಹುಟ್ಟಿದವಲ್ಲ. ಸೂರ್ಯನೇ ಇಲ್ಲದಿದ್ದ ಕಾಲದಲ್ಲಿ, ನಕ್ಷತ್ರಗಳ ಒಡಲಲ್ಲಿಯೂ ಅವುಗಳ ಸ್ಫೋಟದಲ್ಲಿಯೂ ಅವು ರೂಪುಗೊಂಡವು.

ಸೂರ್ಯನ ಎಂಟು ಪಟ್ಟಿಗಿಂತ ಅಧಿಕ ದ್ರವ್ಯವುಳ್ಳ ನಕ್ಷತ್ರವು ಇಂಧನ ತೀರಿದಾಗ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ, ಹೊರಪದರಗಳು ಸಿಡಿದುಹೋಗುತ್ತವೆ. ಇದೇ ಸೂಪರ್‌ನೋವಾ. ಸಿಡಿದ ಅನಿಲವು ತಣಿದಾಗ, ಒಲೆಯ ಹೊಗೆ ಮಸಿಗಟ್ಟುವಂತೆ, ಅದರಲ್ಲಿ ಕಣಗಳು ಕಟ್ಟಬೇಕು. ಕಟ್ಟುತ್ತವೆಯೇ? ಅಷ್ಟು ದೂರದ ಧೂಳನ್ನು ಗುರುತಿಸುವುದಾದರೂ ಹೇಗೆ?

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಜಿ. ಸಿ. ಅನುಪಮಾ ಅವರು ಇಂತಹ ಸ್ಫೋಟಗಳನ್ನೇ ತಮ್ಮ ಅಧ್ಯಯನದ ವಿಷಯವಾಗಿ ಆರಿಸಿಕೊಂಡವರು. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಸ್ಥಾಪಿಸುವಲ್ಲಿ ಅವರ ಪಾತ್ರ ದೊಡ್ಡದು. ದೂರದರ್ಶಕ ಅಲ್ಲಿ, ಅದನ್ನು ಉಪಗ್ರಹದ ಮೂಲಕ ನಡೆಸುವವರು ಇಲ್ಲಿ, ಹೊಸಕೋಟೆಯಲ್ಲಿ. ಹಿಂದಿನ ಖಗೋಳಜ್ಞರಿಗೆ ಈ ಸೌಕರ್ಯ ಕನಸಿನಲ್ಲಿಯೂ ಇರಲಿಲ್ಲ.

2006ರ ಅಕ್ಟೋಬರಿನಲ್ಲಿ ಜಪಾನಿನ ಹವ್ಯಾಸಿ ವೀಕ್ಷಕ ಕೊಯಿಚಿ ಇತಗಾಕಿ ಒಂದು ಸೂಪರ್‌ನೋವಾವನ್ನು ಕಂಡುಹಿಡಿದರು. ವಿಚಿತ್ರವೆಂದರೆ, ಅದೇ ಸ್ಥಳದಲ್ಲಿ 2004ರಲ್ಲಿ ಒಂದು ಮಂದವಾದ ಬೆಳಕು ಕೆಲವು ದಿನ ಮಿನುಗಿ ಆರಿತ್ತು. ಸಾಯುವ ಮುನ್ನ ನಕ್ಷತ್ರವು ತನ್ನ ಹೊದಿಕೆಯನ್ನು ಕೊಡವಿಕೊಂಡಿತ್ತು! ಅನುಪಮಾ ಮತ್ತು ಅವರ ಸಂಗಡಿಗರು ಹಾನ್ಲೆಯ ದೂರದರ್ಶಕದಿಂದ ಇದನ್ನು ಬಹುದಿನ ಗಮನಿಸಿದರು. ಸುಮಾರು 50 ದಿನಗಳ ತರುವಾಯ ಬೆಳಕು ವೇಗವಾಗಿ ಕುಗ್ಗತೊಡಗಿತು. ಸ್ಫೋಟದ ಕಾವು ಸಹಜವಾಗಿ ಆರುತ್ತಿದ್ದಿರಬಹುದಲ್ಲವೇ? ಉತ್ತರವು ರೋಹಿತದಲ್ಲಿ ಅಡಗಿತ್ತು. ನಮ್ಮತ್ತ ಧಾವಿಸುವ ಹೀಲಿಯಮ್ ಅನಿಲದ ಬೆಳಕು ನೀಲಿಯ ಕಡೆಗೂ, ದೂರ ಸರಿಯುವ ಅನಿಲದ ಬೆಳಕು ಕೆಂಪಿನ ಕಡೆಗೂ ವಾಲುತ್ತದೆ. ದೂರ ಸರಿಯುವ ಅನಿಲವಿರುವುದು ಹಿಂಬದಿಯಲ್ಲಿ. ಅದರ ಬೆಳಕು ಸ್ಫೋಟದ ಒಡಲನ್ನು ಹಾದೇ ಬರಬೇಕು. ರೇಖೆಗಳಲ್ಲಿ ಸವೆದಿದ್ದುದು ಆ ಕೆಂಪಿನ ಪಾರ್ಶ್ವವೇ. ನಡುವೆ ಬೆಳಕನ್ನು ನುಂಗುತ್ತಿದ್ದುದು ಹೊಸದಾಗಿ ಕಟ್ಟಿದ ಧೂಳು. ಆ ಧೂಳಿನ ಕಾವು ಅವಕೆಂಪು ಕಿರಣಗಳಾಗಿ ಹೊಮ್ಮಿದುದನ್ನು ಬೇರೆ ವೀಕ್ಷಕರೂ ಕಂಡರು.

ಆದರೆ ಆ ಧೂಳಿನ ಮೊತ್ತ ಅಲ್ಪ. 1987ರಲ್ಲಿ ಕಾಣಿಸಿಕೊಂಡ ಸೂಪರ್‌ನೋವಾದ ಅವಶೇಷದಲ್ಲಿ ಸರಿಸುಮಾರು ಅರ್ಧ ಸೂರ್ಯನಷ್ಟು ಧೂಳು ಇರುವುದನ್ನು ಹರ್ಷೆಲ್ ಅಂತರಿಕ್ಷ ದೂರದರ್ಶಕದ ವೀಕ್ಷಣೆಗಳು 2011ರಲ್ಲಿ ತೋರಿಸಿದವು. ಅವಶೇಷದೊಳಕ್ಕೆ ಮರಳುವ ಆಘಾತತರಂಗವು ಆ ಕಣಗಳನ್ನು ಒಡೆದು ಮತ್ತೆ ಅನಿಲವಾಗಿಸಬಲ್ಲದು. ಎಷ್ಟು ಕಣಗಳು ಅದರಿಂದ ಪಾರಾಗಿ ಹೊಸ ಲೋಕಗಳ ಮಣ್ಣಾಗುತ್ತವೆ ಎಂಬ ಲೆಕ್ಕ ಇನ್ನೂ ಮುಗಿದಿಲ್ಲ.