ಅಟ್ಟೆ ಹೊಲಿಯುವ ಹಳೆಯ ಯಂತ್ರ ಕೈಗೆ ಬಂದರೆ

ತಮ್ಮಾ, ಗುಜರಿ ಅಂಗಡಿಯಿಂದ ಕೈಯಲ್ಲಿ ತಿರುಗಿಸುವ ಹಳೆಯ ಹೊಲಿಗೆ ಯಂತ್ರವೊಂದನ್ನು ತಂದಿದ್ದೀಯಂತೆ. ಉಪ್ಪುಕಾಗದ, ಕಪ್ಪು ಬಣ್ಣದ ಡಬ್ಬಿ ಎರಡೂ ಆಗಲೇ ಮನೆಗೆ ಬಂದಿವೆಯಂತೆ. ಸದ್ಯಕ್ಕೆ ಅವೆರಡನ್ನೂ ಅಟ್ಟಕ್ಕೇರಿಸು. ನಿನ್ನ ಮುಂದಿರುವುದು ಯಾವ ಯಂತ್ರ, ಅದು ಹೊಲಿಗೆ ಹಾಕುವುದು ಹೇಗೆ ಎಂಬುದನ್ನು ಮೊದಲು ತಿಳಿದುಕೋ. ತಿಳಿಯುವ ತನಕ ಒಂದು ಸ್ಕ್ರೂ ಕೂಡ ಬಿಚ್ಚಬೇಡ.

ಗುಜರಿಯವರು ಚರ್ಮಕ್ಕೆ ಸಂಬಂಧಿಸಿದ ಎಲ್ಲ ಯಂತ್ರವನ್ನೂ 'ಅಟ್ಟೆ ಹೊಲಿಯುವ ಮಿಷನ್' ಎಂದೇ ಮಾರುತ್ತಾರೆ. ಬಹಳ ಸಲ ಅದು ಅಟ್ಟೆಯ ಯಂತ್ರವೇ ಆಗಿರುವುದಿಲ್ಲ. ನಮ್ಮ ಕಡೆ ಹೆಚ್ಚಾಗಿ ಸಿಗುವುದು ಸಿಂಗರ್ ಕಂಪನಿಯ 29ನೇ ಸಾಲಿನ ತೇಪೆ ಯಂತ್ರ. ಬೂಟಿನ ಮೂತಿಯೊಳಗೂ ತೂರುವಂಥ ಸಪೂರ, ಉದ್ದನೆಯ ತೋಳು, ತೋಳಿನ ತುದಿಯಲ್ಲಿ ಪುಟ್ಟ ಶಟಲ್, ಮೇಲೆ ಸುತ್ತಲೂ ತಿರುಗುವ ಪಾದ: ಇವು ಅದರ ಗುರುತು. ಮನೆಯ ಹೊಲಿಗೆ ಯಂತ್ರದಲ್ಲಿ ಬಟ್ಟೆಯನ್ನು ಮುಂದಕ್ಕೆ ತಳ್ಳುವುದು ಕೆಳಗಿನ ಹಲ್ಲು. ಇದರಲ್ಲಿ ಕೆಳಗೆ ಹಲ್ಲಿಲ್ಲ. ಮೇಲಿನ ಪಾದವೇ ಎದ್ದು ಹೆಜ್ಜೆಯಿಟ್ಟು ಚರ್ಮವನ್ನು ಸರಿಸುತ್ತದೆ. ಹಾಗಾಗಿಯೇ ಕೆಲಸವನ್ನು ತಿರುಗಿಸದೆ ಪಾದವನ್ನು ತಿರುಗಿಸಿ ಯಾವ ದಿಕ್ಕಿಗಾದರೂ ಹೊಲಿಯಬಹುದು. ಬೂಟಿನ ಮೇಲುಚರ್ಮ, ಬ್ಯಾಗು, ಬೆಲ್ಟಿನ ತೇಪೆ ಇದರ ಕೆಲಸ. ಇದರ ಸೂಜಿಗೆ ದಪ್ಪ ಅಟ್ಟೆ ಕೊಟ್ಟರೆ ಸೂಜಿ ಮುರಿಯುತ್ತದೆ, ಒಳಗಿನ ಗಾಲಿಯ ಹಲ್ಲುಗಳೂ ಸವೆಯುತ್ತವೆ. ಯಂತ್ರವನ್ನು ತಪ್ಪಾಗಿ ಗುರುತಿಸಿದರೆ ಆಮೇಲೆ ಎಷ್ಟು ಚೆನ್ನಾಗಿ ದುರಸ್ತಿ ಮಾಡಿದರೂ ಅದು ತನ್ನದಲ್ಲದ ಕೆಲಸಕ್ಕೆ ಬಿದ್ದು ಹಾಳಾಗುತ್ತದೆ.

ನಿಜವಾದ ಅಟ್ಟೆ ಯಂತ್ರದ ಕಥೆ ಬೇರೆ. ಅಮೆರಿಕದ ಮ್ಯಾಸಚೂಸೆಟ್ಸ್ ಸೀಮೆಯ ಲೈಮನ್ ಬ್ಲೇಕ್ ಎಂಬಾತ 1858ರಲ್ಲಿ ಅಟ್ಟೆಯನ್ನು ಬೂಟಿಗೆ ಹೊಲಿಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಗಾರ್ಡನ್ ಮೆಕೇ ಎಂಬ ಉದ್ಯಮಿ ಅದನ್ನು ಕೊಂಡುಕೊಂಡು ಅಂತರ್ಯುದ್ಧದ ಕಾಲದ ಸೈನಿಕರ ಬೂಟುಗಳಿಗೆ ಬಳಸಿದ. ಆ ಯಂತ್ರದಲ್ಲಿ ಬೂಟನ್ನು ಕೊಂಬಿನಂಥ ತೋಳಿಗೆ ಸಿಕ್ಕಿಸುತ್ತಾರೆ. ಹೊಲಿಗೆ ಒಳ ಅಟ್ಟೆ, ಹೊರ ಅಟ್ಟೆ ಎರಡನ್ನೂ ದಾಟಿ ಸರಪಳಿಯಂತೆ ಬೀಳುತ್ತದೆ. ಬೂಟಿನೊಳಗೆ ಕೈಹಾಕಿ ಸವರಿದರೆ ಹೊಲಿಗೆಯ ಸಾಲು ಬೆರಳಿಗೆ ಸಿಗುತ್ತದೆ. ಇನ್ನೊಂದು ಬಗೆಯಲ್ಲಿ, ಬೂಟಿನ ಸುತ್ತ ಹೊರಚಾಚಿದ ಚರ್ಮದ ಪಟ್ಟಿಗೆ ಹೊರ ಅಟ್ಟೆಯನ್ನು ಹೊರಗಡೆಯಿಂದಲೇ ಹೊಲಿಯುತ್ತಾರೆ. ರಬ್ಬರಿನ ಕೆಲಸಕ್ಕೆ ಹೆಸರಾದ ಚಾರ್ಲ್ಸ್ ಗುಡ್‌ಇಯರ್ ಅವರ ಮಗ ಚಾರ್ಲ್ಸ್ ಗುಡ್‌ಇಯರ್ ಜೂನಿಯರ್ 1870ರ ಆಸುಪಾಸಿನಲ್ಲಿ ಬಳಕೆಗೆ ತಂದ ಕ್ರಮ ಅದು. ಸಣ್ಣ ದುರಸ್ತಿ ಅಂಗಡಿಗಳಿಗೆಂದು ಮಾಡಿದ ಕೈಚಕ್ರದ ಅಟ್ಟೆ ಯಂತ್ರಗಳು ಹೆಚ್ಚಾಗಿ ಈ ಹೊರಹೊಲಿಗೆಯವು.

ಇವುಗಳನ್ನು ಸೂಜಿಯಿಂದಲೇ ಗುರುತಿಸಬಹುದು. ಮೊನೆಯ ಹತ್ತಿರ ಕಣ್ಣಿದ್ದರೆ ಅದು ಸಾಮಾನ್ಯ ಸೂಜಿ. ಕಣ್ಣಿಲ್ಲದೆ ಗಾಳದಂಥ ಕೊಕ್ಕೆಯಿದ್ದು, ಎದುರಿಗೆ ತೂತು ಹಾಕುವ ಉಳಿಯೊಂದಿದ್ದರೆ ನಿನಗೆ ಸಿಕ್ಕಿರುವುದು ಭಾರಿ ಕೆಲಸದ ಯಂತ್ರ. ಉಳಿ ಮೊದಲು ಚುಚ್ಚಿ ದಾರಿ ಮಾಡುತ್ತದೆ. ಕೆಲವು ಯಂತ್ರಗಳಲ್ಲಿ ಚರ್ಮವನ್ನು ಮುಂದಕ್ಕೆ ಸರಿಸುವುದೂ ಆ ಉಳಿಯೇ. ಬಳಿಕ ಕೊಕ್ಕೆಸೂಜಿ ಅದೇ ತೂತಿನಲ್ಲಿ ಬಂದು, ಮೇಣ ಹಚ್ಚಿದ ದಾರವನ್ನು ಕೊಕ್ಕೆಗೆ ಸಿಕ್ಕಿಸಿಕೊಂಡು ಹಿಂದೆ ಎಳೆಯುತ್ತದೆ. ಆ ಕುಣಿಕೆಯೊಳಗೆ ಶಟಲ್ ಹಾಯ್ದುಹೋಗುತ್ತದೆ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ 1870ರಲ್ಲಿ ಆರಂಭವಾದ ಯುಂಕರ್ ಮತ್ತು ರೂ ಕಂಪನಿಯ ಎಸ್‌ಡಿ 28, ಇಂಗ್ಲೆಂಡಿನ ಪಿಯರ್ಸನ್ ನಂಬರ್ 6, ಅಮೆರಿಕದ ಸೇಂಟ್ ಲೂಯಿಯ ಲ್ಯಾಂಡಿಸ್ ನಂಬರ್ 1 ಈ ಜಾತಿಯ ಹೆಸರಾಂತ ಯಂತ್ರಗಳು. ಕುದುರೆಯ ಜೀನು, ಸರಂಜಾಮು ಹೊಲಿಯುವವರು ಇವತ್ತಿಗೂ ಇಂಥವನ್ನು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಪಿಯರ್ಸನ್ ಯಂತ್ರದ ಮೇಲೆ ಬಿ.ಯು.ಎಸ್.ಎಂ. ಎಂಬ ಅಕ್ಷರಗಳಿದ್ದರೆ ಅದು ಬ್ರಿಟಿಷ್ ಯುನೈಟೆಡ್ ಷೂ ಮಷಿನರಿ ಕಂಪನಿಯದು.

ಅಕ್ಷರ ಸವೆದು ಕಾಣದಿದ್ದರೆ ಉಜ್ಜಬೇಡ. ಸೀಮೆಸುಣ್ಣದ ಪುಡಿಯನ್ನು ಬೆರಳಲ್ಲಿ ತೀಡಿ, ಓರೆಯಾಗಿ ಬ್ಯಾಟರಿ ಬೆಳಕು ಬಿಟ್ಟು ನೋಡು. ಸಿಂಗರ್ ಯಂತ್ರವಾದರೆ ಮೈಮೇಲೆ ಒತ್ತಿದ ಕ್ರಮಸಂಖ್ಯೆ ಸಿಗುತ್ತದೆ. 1900ರಿಂದ ಈಚಿನ ಸಂಖ್ಯೆಗಳ ಮುಂದೆ ಅಕ್ಷರವಿರುತ್ತದೆ. ಅದರಿಂದ ಕಾರ್ಖಾನೆಯೂ ತಯಾರಾದ ವರ್ಷವೂ ಗೊತ್ತಾಗುತ್ತವೆ. 29ರ ಪಕ್ಕದಲ್ಲಿ 'ಕೆ' ಇದ್ದರೆ ಅದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಊರಿನ ಕಿಲ್ಬೋವಿ ಕಾರ್ಖಾನೆಯ ಗುರುತು. 1885ರಲ್ಲಿ ಕೆಲಸ ಶುರುಮಾಡಿ 1980ರಲ್ಲಿ ಬಾಗಿಲು ಹಾಕಿದ ಕಾರ್ಖಾನೆ ಅದು. ಇಷ್ಟು ಮಾಹಿತಿ ಹೊತ್ತ ಸಂಖ್ಯೆಯನ್ನು ಗ್ರೈಂಡರ್ ಹಿಡಿದು ಅಳಿಸಿ, ಮೇಲೆ ಬಣ್ಣ ಬಳಿದು 'ಹೊಸದು ಮಾಡಿದೆ' ಎನ್ನುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನೊಂದು ಎಚ್ಚರ. ತಿರುಗುವ ಪಾದವಿರುವ ಅಗ್ಗದ ಚೀನಾ ಕೈಯಂತ್ರಗಳು ಈಗ ಆನ್‌ಲೈನಿನಲ್ಲಿ ಧಾರಾಳವಾಗಿ ಸಿಗುತ್ತವೆ. ಅವನ್ನು ನಾಲ್ಕು ಮಳೆಗಾಲ ಅಂಗಳದಲ್ಲಿ ಬಿಟ್ಟರೆ ನೂರು ವರ್ಷದ್ದೆಂದು ಮಾರುವಷ್ಟು ತುಕ್ಕು ಬರುತ್ತದೆ. ತುಕ್ಕನ್ನು ನೋಡಿ ವಯಸ್ಸು ಅಳೆಯಬೇಡ. ಎರಕದ ಅಂಚು ಒರಟಾಗಿದೆಯೋ ನಯವಾಗಿದೆಯೋ, ಜಾರುವ ಭಾಗಗಳು ಒಂದಕ್ಕೊಂದು ಬಿಗಿಯಾಗಿ ಕೂತಿವೆಯೋ, ಅದನ್ನು ನೋಡು.

ಈಗ ದುರಸ್ತಿಗೆ ಬರೋಣ. ಚಕ್ರ ತಿರುಗದಿದ್ದರೆ ಬಲ ಹಾಕಬೇಡ, ಸುತ್ತಿಗೆಯನ್ನಂತೂ ಮುಟ್ಟಲೇಬೇಡ. ಇವುಗಳ ಮೈ ಬೀಡುಕಬ್ಬಿಣ; ಅದು ಬಾಗುವುದಿಲ್ಲ, ಒಡೆಯುತ್ತದೆ. ಒಡೆದರೆ ಬೀದಿಬದಿಯ ವೆಲ್ಡಿಂಗ್‌ನಿಂದ ಅದು ಕೂಡುವುದಿಲ್ಲ. ಕಾಯಿಸಿ ಹಿತ್ತಾಳೆಯ ಬೆಸುಗೆ ಹಾಕಬಲ್ಲ ಅನುಭವಿ ಕೈಯೇ ಬೇಕು. ಚಕ್ರ ಹಿಡಿದುಕೊಂಡಿರಲು ಕಾರಣ ಹೆಚ್ಚಾಗಿ ತುಕ್ಕಲ್ಲ, ಎಣ್ಣೆ. ಯಾರೋ ಹಿಂದೆ ಅಡುಗೆಮನೆಯ ಎಣ್ಣೆಯನ್ನೋ ಹರಳೆಣ್ಣೆಯನ್ನೋ ಬಿಟ್ಟಿರುತ್ತಾರೆ, ಅದು ಒಣಗಿ ಅಂಟಾಗಿರುತ್ತದೆ. ಅಟ್ಟೆ ಯಂತ್ರಗಳಲ್ಲಿ ಇದರ ಜೊತೆಗೆ ದಾರಕ್ಕೆ ಹಚ್ಚಿದ ಮೇಣ, ರಾಳ ಎಲ್ಲ ಸಂದುಗಳಲ್ಲಿ ಗಟ್ಟಿಯಾಗಿ ಕೂತಿರುತ್ತವೆ. ಮೇಣ ಬಿಡಿಸಲು ಸ್ವಲ್ಪ ಬಿಸಿ ಸಾಕು. ಕೂದಲು ಒಣಗಿಸುವ ಯಂತ್ರದ ಗಾಳಿಯೇ ಆಗುತ್ತದೆ. ಬಿಸಿ ಮಾಡುವ ಕೆಲಸ ಪೂರ್ತಿ ಮುಗಿದು ಯಂತ್ರ ತಣಿದ ಮೇಲೆಯೇ ಸೀಮೆಎಣ್ಣೆ ಮುಟ್ಟು. ಅದನ್ನು ಹನಿಹನಿಯಾಗಿ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡು, ಬೆಳಿಗ್ಗೆ ಚಕ್ರವನ್ನು ಹಿಂದೆ ಮುಂದೆ ಕೂದಲೆಳೆಯಷ್ಟು ಅಲ್ಲಾಡಿಸು, ಮತ್ತೆ ಬಿಡು. ಆತುರಪಡಬೇಡ, ಅದು ತಾನಾಗಿ ಬಿಡುತ್ತದೆ. ಸೀಮೆಎಣ್ಣೆ ಇರುವ ಕಡೆ ಬೆಂಕಿ, ಬೀಡಿ ಬೇಡ. ಚಕ್ರ ಪೂರ್ತಿ ಸಡಿಲವಾದ ಮೇಲೆ ಸೀಮೆಎಣ್ಣೆಯನ್ನು ಒರೆಸಿ ತೆಗೆದು ಹೊಲಿಗೆ ಯಂತ್ರದ ತಿಳಿ ಎಣ್ಣೆಯನ್ನೇ ಹಾಕು.

ಸಿಂಗರ್ ಮೈಮೇಲೆ ಚಿನ್ನದ ಬಣ್ಣದ ಚಿತ್ತಾರ ಉಳಿದಿದ್ದರೆ ಅದಕ್ಕೆ ಸ್ಪಿರಿಟ್, ಥಿನ್ನರ್ ತಾಗಿಸಬೇಡ. ಆ ಚಿತ್ತಾರವನ್ನು ಕಾಯುವುದು ಮೇಲಿನ ಅರಗಿನ ಮೆರುಗು. ಸ್ಪಿರಿಟ್‌ಗೆ ಅದು ಕರಗಿಹೋಗುತ್ತದೆ. ತಿಳಿ ಎಣ್ಣೆಯಲ್ಲಿ ಅದ್ದಿದ ಹಳೆಯ ಪಂಚೆಯ ತುಂಡಿನಲ್ಲಿ ಮೆಲ್ಲಗೆ ಒರೆಸು, ಅಷ್ಟೇ ಸಾಕು. ಸ್ಕ್ರೂಗಳ ವಿಷಯದಲ್ಲೂ ಹೀಗೆಯೇ ನಿಗಾ ಬೇಕು. ಹಳೆಯ ಸಿಂಗರ್ ಸ್ಕ್ರೂಗಳ ಮರೆ (ಥ್ರೆಡ್), ಅಂಗಡಿಯಲ್ಲಿ ಸಿಗುವ ಇಂದಿನ ಸ್ಕ್ರೂಗಳಿಗೆ ಹೊಂದುವುದಿಲ್ಲ. ಒಂದು ಕಳೆದರೆ ಹೊಸ ಮರೆ ಕೊರೆಯಲು ಹೋಗಬೇಡ, ಕೆಟ್ಟ ಇನ್ನೊಂದು ಯಂತ್ರದಿಂದ ಅದೇ ಸ್ಕ್ರೂ ತೆಗೆದು ಹಾಕು. ಸ್ಕ್ರೂಡ್ರೈವರ್ ಮೊನೆಯನ್ನು ಸೀಳಿಗೆ ಸರಿಯಾಗಿ ಕೂರುವಂತೆ ಉಜ್ಜಿಕೊಂಡ ಮೇಲೆಯೇ ತಿರುಗಿಸು.

ತೇಪೆ ಯಂತ್ರದಲ್ಲಿ ಶಟಲ್ ನಡೆಸುವುದು ತೋಳಿನೊಳಗಿನ ಹಲ್ಲುಪಟ್ಟಿ ಮತ್ತು ಚಿಕ್ಕ ಗಾಲಿ. ಅವು ಸವೆದಿದ್ದರೆ ಸೂಜಿ ಒಂದು ಹೊತ್ತಿಗೆ, ಶಟಲ್ ಇನ್ನೊಂದು ಹೊತ್ತಿಗೆ ಬಂದು ಹೊಲಿಗೆ ತಪ್ಪುತ್ತದೆ. ದಾರದ ಟೆನ್ಷನ್ ಎಷ್ಟು ತಿರುಗಿಸಿದರೂ ಇದು ಸರಿಹೋಗುವುದಿಲ್ಲ. ಹೊಲಿಗೆ ಗಿಡ್ಡವಾಗುತ್ತಿದ್ದರೆ ಪಾದವನ್ನು ನಡೆಸುವ ಭಾಗಗಳು ಸವೆದಿವೆ ಎಂದುಕೋ. ಸೂಜಿಯನ್ನೂ ಸರಿಯಾಗಿ ಕೇಳಿ ತರಬೇಕು: ಈ ಸಾಲಿನಲ್ಲಿ ಬಟ್ಟೆಯ ಮೊನೆಯದು 29×3, ಚರ್ಮ ಕೊಯ್ಯುವ ಮೊನೆಯದು 29×4. ಕೊಕ್ಕೆಸೂಜಿಯ ಯಂತ್ರದಲ್ಲಿ ಸೂಜಿ, ಉಳಿ ಒಂದಕ್ಕೊಂದು ಹೊಂದುವ ಅಳತೆಯವೇ ಆಗಿರಬೇಕು. ಕೊಕ್ಕೆಯ ಒಳಬದಿ ಒರಟಾಗಿದ್ದರೆ ಅದು ದಾರವನ್ನು ಹರಿಯುತ್ತದೆ. ಅಲ್ಲಿ ಮಾತ್ರ ಉಜ್ಜಿ ನಯ ಮಾಡಲೇಬೇಕು.

ದಾರ ಹಾಕುವ ಮೊದಲು ಬರಿಯ ರಟ್ಟನ್ನಿಟ್ಟು ಚಕ್ರ ತಿರುಗಿಸು. ತೂತುಗಳು ಸಮ ಅಂತರದಲ್ಲಿ, ನೆಟ್ಟಗೆ ಬಂದರೆ ದಾರ ಹಾಕು. ಹೊಲಿದ ಚರ್ಮವನ್ನು ಕೊಯ್ದು ನೋಡು: ಎರಡು ದಾರಗಳು ಹೆಣೆದುಕೊಳ್ಳುವ ಗಂಟು ದಪ್ಪದ ನಡುವೆ ಹುದುಗಿರಬೇಕು. ಅದು ಮೇಲೋ ಕೆಳಗೋ ಇಣುಕಿದರೆ ಅಟ್ಟೆ ನೆಲಕ್ಕೆ ಉಜ್ಜಿ ಸವೆದಾಗ ಹೊಲಿಗೆ ಬೇಗ ಬಿಚ್ಚುತ್ತದೆ.

ಇದರಲ್ಲಿ ನಿನಗೆ ತಿಳಿಯದ ಭಾಗ ಬಂದಾಗ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಕೂತು ಬೂಟು ಹೊಲಿಯುವ ಹಿರಿಯರನ್ನು ಕೇಳು. ಯಂತ್ರ ಯಾವ ಸದ್ದು ಮಾಡಿದರೆ ಎಲ್ಲಿ ಸಡಿಲ ಎಂದು ಅವರ ಕಿವಿಗೆ ಗೊತ್ತು. ಕೇಳುವಾಗ ಅವರ ದುಡಿಮೆಯ ಹೊತ್ತು ನಿನ್ನಿಂದ ಹೋಗುತ್ತದೆ. ಅದಕ್ಕೆ ಕೂಲಿ ಕೊಟ್ಟೇ ಎದ್ದು ಬಾ. ನಮ್ಮ ಸಮಾಜ ಈ ಕಸುಬಿನವರನ್ನು ಊರಾಚೆ ಕೂರಿಸಿ ಅವರ ಕೈಚಳಕವನ್ನು ಮಾತ್ರ ಬಳಸಿಕೊಂಡಿತು. ಅವರ ವಿದ್ಯೆಯನ್ನು ಕಲಿಯಲು ಹೋಗುವವನಿಗೆ ಇದು ನೆನಪಿರಬೇಕು. ಹಾಗೆಯೇ ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಗೆ ಈ ಯಂತ್ರ ಕೊಡುತ್ತೇನೆಂದು ಹೊರಡಬೇಡ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳನ್ನೂ ಒಳಗೊಂಡು ಭೌಗೋಳಿಕ ಗುರುತು ಪಡೆದ ಆ ಚಪ್ಪಲಿಯನ್ನು ಚರ್ಮದ ದಾರದಿಂದ ಕೈಯಲ್ಲೇ ಹೊಲಿಯುತ್ತಾರೆ. ಅದರ ಬೆಲೆ ಇರುವುದೇ ಆ ಕೈಹೊಲಿಗೆಯಲ್ಲಿ.

ಯಂತ್ರ ಸರಿಹೋದ ಮೇಲೆ ಹೋಟೆಲಿನವರು, ಬಟ್ಟೆ ಅಂಗಡಿಯವರು ಗಾಜಿನ ಕಪಾಟಿನಲ್ಲಿಡಲು ಒಳ್ಳೆಯ ಬೆಲೆಗೆ ಕೇಳುತ್ತಾರೆ. ಕೊಡಬೇಡ. ಕೈಯಂತ್ರವೊಂದಿದ್ದರೆ ಕರೆಂಟಿಲ್ಲದೆಯೂ ದುಡಿಯುತ್ತಿದ್ದೆ ಎನ್ನುವ ಬೂಟು ಹೊಲಿಯುವವರು ನಿನ್ನ ಊರಿನಲ್ಲೇ ಇದ್ದಾರೆ. ಹಣವನ್ನು ಕಂತಿನಲ್ಲಾದರೂ ತೆಗೆದುಕೋ, ಯಂತ್ರ ಅವರಿಗೇ ಹೋಗಲಿ.